ಬೆಳ್ಳಿಯ ಚಮಚದಲ್ಲಿ ಒಂದು ಮನೆ

ಗೇಣುದ್ದವೂ ಇಲ್ಲದ ಬೆಳ್ಳಿಯ ಚಮಚ. ಹಿಡಿಯ ತುದಿಯಲ್ಲಿ ಜಾರ್ಜ್ ವಾಷಿಂಗ್ಟನ್ನನ ಮುಖಮುದ್ರೆ. ಕುಳಿಯಲ್ಲಿ ನವುರಾಗಿ ಕೊರೆದ ಒಂದು ಮನೆ. ಎತ್ತರದ ಕಂಬಸಾಲು, ಮಾಡಿನ ನೆತ್ತಿಗೊಂದು ಪುಟ್ಟ ಗುಮ್ಮಟ. ಅಮೆರಿಕದ ಯಾತ್ರಿಕರು ಇಂಥ ಚಮಚಗಳನ್ನು ತಂದು ಗಾಜಿನ ಕಪಾಟಿನಲ್ಲಿಡುವುದು ಸಕ್ಕರೆ ಕಲಕಲೆಂದಲ್ಲ, ನೆನಪಿಗೆಂದು.

ವಾಷಿಂಗ್ಟನ್ ರಾಷ್ಟ್ರಾಧ್ಯಕ್ಷನಾಗಿ ನೂರು ವರ್ಷ ತುಂಬಿದ 1889ರಲ್ಲಿ, ರಾಜಧಾನಿಯ ಗಾಲ್ಟ್ ಎಂಬ ಆಭರಣದ ಅಂಗಡಿಯವರು ಅವನ ಮುಖವಿರುವ ಚಮಚವನ್ನು ಹೊರತಂದರು. ಬೆನ್ನಲ್ಲೇ ಪತ್ನಿ ಮಾರ್ಥಾಳ ಚಮಚವೂ ಬಂದಿತು. ಕೆಲವೇ ವರ್ಷಗಳಲ್ಲಿ ಊರೂರಿನ ಹೆಸರಾಂತ ಕಟ್ಟಡಗಳು ಬೆಳ್ಳಿಗಿಳಿದವು.

ಚಮಚದಲ್ಲಿರುವ ಮನೆ ಮೌಂಟ್ ವರ್ನನ್. ವಾಷಿಂಗ್ಟನ್ ನಗರದಿಂದ ತೆಂಕಣಕ್ಕೆ ಸಾಗಿದರೆ, ವರ್ಜೀನಿಯಾದ ನೆಲದಲ್ಲಿ, ಪೊಟೋಮ್ಯಾಕ್ ನದಿಯ ದಂಡೆಯ ಮೇಲೆ ಅದು ನಿಂತಿದೆ. ದೂರಕ್ಕೆ ಕಲ್ಲಿನ ಕಟ್ಟಡವೇ ಸರಿ; ಹತ್ತಿರ ಹೋಗಿ ನೋಡಿದರೆ ಮರದ್ದು! ಹಲಗೆಗಳನ್ನು ಕಲ್ಲಿನ ಇಟ್ಟಿಗೆಗಳಂತೆ ಕೊರೆದು, ಹಸಿ ಬಣ್ಣದ ಮೇಲೆ ಮರಳೆರಚಿ ಆ ನೋಟವನ್ನು ತಂದಿದ್ದಾರೆ. ಒಳಗಿನ ಹಜಾರದಲ್ಲಿ, 1790ರಲ್ಲಿ ಲಫಾಯೆತ್ ಕಾಣಿಕೆಯಾಗಿ ಕೊಟ್ಟ ಬಾಸ್ಟೀಲ್ ಸೆರೆಮನೆಯ ಬೀಗದ ಕೈ ತೂಗುತ್ತಿದೆ.

ಈ ಮನೆಯೂ ಒಮ್ಮೆ ಕುಸಿಯುವುದರಲ್ಲಿತ್ತು. 1853ರ ಒಂದು ಬೆಳದಿಂಗಳ ರಾತ್ರಿ ಹಡಗಿನಿಂದ ಅದರ ದುಃಸ್ಥಿತಿಯನ್ನು ಕಂಡ ತಾಯಿಯೊಬ್ಬಳು ನೊಂದು ಮಗಳಿಗೆ ಪತ್ರ ಬರೆದಳು. ಆ ಮಗಳು, ಆನ್ ಪಮೇಲಾ ಕನ್ನಿಂಗ್‌ಹ್ಯಾಮ್, ದೇಶದ ಹೆಣ್ಣುಮಕ್ಕಳನ್ನು ಒಗ್ಗೂಡಿಸಿ ಚಂದಾ ಎತ್ತಿದಳು. 1858ರಲ್ಲಿ ಎರಡು ಲಕ್ಷ ಡಾಲರುಗಳಿಗೆ ಮನೆಯ ಕ್ರಯವಾಯಿತು. ಆ ಮಹಿಳಾ ಸಂಘವೇ ಇಂದಿಗೂ ಅದರ ಒಡೆತನ ಹೊತ್ತಿದೆ.

ಆದರೆ ಚಮಚ ಹೇಳದ ಮಾತೊಂದಿದೆ. 1799ರಲ್ಲಿ ಒಡೆಯನು ತೀರಿಕೊಂಡಾಗ ಈ ಜಮೀನಿನಲ್ಲಿ ಮುನ್ನೂರಕ್ಕೂ ಮಿಕ್ಕಿ ಗುಲಾಮರಿದ್ದರು. ಫ್ರ್ಯಾಂಕ್ ಲೀ ಎಂಬಾತ ಊಟದ ಮೇಜಿನ ಉಪಚಾರ ನೋಡಿಕೊಳ್ಳುತ್ತಿದ್ದ, ಅವನೂ ಗುಲಾಮನೇ. ವಾಷಿಂಗ್ಟನ್ ತನ್ನ ಗುಲಾಮರ ಬಿಡುಗಡೆಯನ್ನು ಉಯಿಲಿನಲ್ಲಿ ಬರೆದಿಟ್ಟಿದ್ದನು. ಆದರೆ ಮಾರ್ಥಾಳ ಮೊದಲ ಪತಿಯ ಆಸ್ತಿಗೆ ಸೇರಿದವರನ್ನು ಬಿಡಿಸುವ ಹಕ್ಕು ಅವನಿಗಿರಲಿಲ್ಲ. ಒಂದೇ ಅಂಗಳದಲ್ಲಿ ದುಡಿದವರಲ್ಲಿ ಕೆಲವರು ಸ್ವತಂತ್ರರಾದರು. ಉಳಿದವರು ವಾರಸುದಾರರ ಪಾಲಾದರು.

ಒಡೆಯನ ಸಮಾಧಿಯಿಂದ ತುಸು ದೂರದಲ್ಲಿ, ಮರಗಳ ನೆರಳಿನಲ್ಲಿ, ಆ ದುಡಿಮೆಗಾರರ ಗೋರಿಗಳಿವೆ. ಅಲ್ಲಿ 1929ರಲ್ಲಿ ಒಂದು ಕಲ್ಲು ನೆಟ್ಟರು. 1983ರಲ್ಲಿ ಸ್ಮಾರಕವೊಂದು ಎದ್ದಿತು.

ಬೆಳ್ಳಿಯನ್ನು ಉಜ್ಜದೆ ಬಿಟ್ಟರೆ ಕಪ್ಪಾಗುತ್ತದೆ. ಈ ಮನೆಯ ಬೆಳ್ಳಿಯನ್ನು ದಿನದಿನವೂ ಬೆಳಗಿದ ಕೈಗಳ ಗುರುತು ಆ ಪುಟ್ಟ ಚಮಚದ ಮೇಲಿಲ್ಲ. ಅದನ್ನು ಕೊಂಡ ಯಾತ್ರಿಕನು ಮರಗಳ ನೆರಳಿಗೂ ಹೋಗಿ ಬಂದಿದ್ದರೆ ಮಾತ್ರ ಅವನ ನೆನಪು ಪೂರ್ಣವಾದೀತು.