ಬಾಲ್ಟಿಮೋರಿನಲ್ಲಿ ನೋಡಿದ ಮೂರು ಜಾಗಗಳು

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮೂರಿನಲ್ಲಿ ಮೊದಲು ಕೇಳುವ ಪ್ರಶ್ನೆ, "ನಯಾಗರ ನೋಡಿದಿರಾ?" ಎಂಬುದು. ನಾವು ನೋಡಲಿಲ್ಲ. 2023ರ ಅಕ್ಟೋಬರಿನಲ್ಲಿ ಮಗಳ ಬಾಣಂತನಕ್ಕೆಂದು ಹೋದ ನಾನು ಮತ್ತು ನನ್ನವರು ಹೆಚ್ಚಿನ ದಿನಗಳನ್ನು ಕಳೆದದ್ದು ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದ ಅಂಚಿನಲ್ಲಿರುವ ಕೇಟನ್ಸ್‌ವಿಲ್ ಎಂಬಲ್ಲಿ. ಹಳೆಯ ಮನೆಗಳು, ಪ್ರತಿ ಅಂಗಳದಲ್ಲೂ ಒಂದೆರಡು ದೊಡ್ಡ ಮರ, ಆ ಮರಗಳಿಂದ ಹಗಲಿಡೀ ಉದುರುವ ಕೆಂಪು ಎಲೆ. ಸಂಜೆ ನಾಲ್ಕಕ್ಕೆಲ್ಲ ಚಳಿ ಶುರು. ಕರಾವಳಿಯ ಸೆಕೆಯಲ್ಲಿ ಬೆಳೆದ ನಮಗೆ ಅಲ್ಲಿ ಹೊರಗೆ ಹೋಗಬೇಕೆಂದರೆ ಮದುಮಗಳನ್ನು ಸಿಂಗರಿಸಿದಷ್ಟು ಹೊತ್ತು ಬೇಕಿತ್ತು.

ಮಗುವಿಗೆ ನಲವತ್ತು ತುಂಬಿದ ಮೇಲೆ ಒಂದು ದಿನ ಮಗಳು, "ಉಮ್ಮಾ, ಇಲ್ಲೇ ಹತ್ತಿರ ಒಂದು ಕ್ಯಾಂಪಸ್ ಇದೆ, ನಡೆದಾಡಲು ಚೆನ್ನಾಗಿದೆ" ಎಂದಳು. ಅದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆ. ಎಲ್ಲರೂ ಅದನ್ನು ಚುಟುಕಾಗಿ ಯು.ಎಂ.ಬಿ.ಸಿ. ಎನ್ನುತ್ತಾರೆ. 1966ರಲ್ಲಿ ಆರಂಭವಾದದ್ದು, ಹಾಗಾಗಿ ಹಾರ್ವರ್ಡ್‌ನಂತೆ ಬಳ್ಳಿ ಹಬ್ಬಿದ ಗೋಡೆಗಳಿಲ್ಲ. ಇಟ್ಟಿಗೆ ಮತ್ತು ಕಾಂಕ್ರೀಟಿನ ಸಾದಾ ಕಟ್ಟಡಗಳು, ಒಂದು ಕೊಳ, ಎತ್ತರದ ಗ್ರಂಥಾಲಯ. ಒಂದು ಕಡೆ ಕಂಚಿನ ನಾಯಿಯ ವಿಗ್ರಹವಿದೆ. ಪರೀಕ್ಷೆಗೆ ಹೋಗುವ ಮಕ್ಕಳು ಅದೃಷ್ಟಕ್ಕೆಂದು ಮೂತಿ ಉಜ್ಜಿ ಉಜ್ಜಿ, ಅದರ ಮೂಗು ಮಾತ್ರ ಚಿನ್ನದಂತೆ ಹೊಳೆಯುತ್ತದೆ. ಕಾಲೇಜು ಹೆಸರಾದದ್ದು ಚೆಸ್ ತಂಡಕ್ಕೆ ಎಂದು ಅಳಿಯ ಹೇಳಿದಾಗ ನನ್ನವರಿಗೆ ಆ ಜಾಗದ ಮೇಲೆ ಒಮ್ಮೆಲೇ ಗೌರವ ಹುಟ್ಟಿತು.

ನನಗೆ ಇಷ್ಟವಾದದ್ದು ಗ್ರಂಥಾಲಯದ ಕೆಳಗಿನ ಮಹಡಿ. ಅಲ್ಲಿ ಮೌನವಿಲ್ಲ. ಮೇಜಿಗೆ ನಾಲ್ಕೈದು ಜನ, ನಡುವೆ ಒಂದು ಬಿಳಿ ಹಲಗೆ. ಒಬ್ಬಳು ಕರಿಯ ಹುಡುಗಿ ಎದ್ದು ನಿಂತು ಏನೋ ರಸಾಯನಶಾಸ್ತ್ರದ ಚಿತ್ರ ಬರೆಯುತ್ತಿದ್ದಳು. ಮಧ್ಯದಲ್ಲಿ ಇನ್ನೊಬ್ಬ ಅವಳ ಕೈಯಿಂದ ಪೆನ್ನು ಕಸಿದು ಬಾಣದ ಗುರುತನ್ನು ತಿದ್ದಿದ. ಅವಳು ನಕ್ಕಳು, ಮತ್ತೆ ಪೆನ್ನು ಕಸಿದುಕೊಂಡಳು. ಹೀಗೆ ಗುಂಪಿನಲ್ಲಿ ಓದುವುದರ ಹಿಂದೆ ಇಲ್ಲಿ ಒಂದು ದೊಡ್ಡ ಕಥೆಯೇ ಇದೆ ಎಂದು ತಿಳಿದದ್ದು ಆಮೇಲೆ.

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಯೂರಿ ಟ್ರೈಸ್‌ಮನ್ ಎಂಬ ತರುಣ ಗಣಿತಜ್ಞರಿಗೆ ಒಂದು ಪ್ರಶ್ನೆ ಕಾಡಿತು. ಶಾಲೆಯಲ್ಲಿ ಒಳ್ಳೆಯ ಅಂಕ ಪಡೆದೇ ಬಂದ ಕರಿಯ ವಿದ್ಯಾರ್ಥಿಗಳು ಕಾಲೇಜಿನ ಕ್ಯಾಲ್ಕುಲಸ್‌ನಲ್ಲಿ ಯಾಕೆ ಮುಗ್ಗರಿಸುತ್ತಾರೆ? ಬಡತನ, ಮನೆಯ ವಾತಾವರಣ, ಆಸಕ್ತಿಯ ಕೊರತೆ ಎಂದೆಲ್ಲ ಅಧ್ಯಾಪಕರು ಊಹಿಸಿದ್ದರು. ಟ್ರೈಸ್‌ಮನ್ ಊಹೆಯನ್ನು ಬದಿಗಿಟ್ಟು, 20 ಕರಿಯ ಮತ್ತು 20 ಚೀನೀ ಮೂಲದ ವಿದ್ಯಾರ್ಥಿಗಳ ಬೆನ್ನು ಹತ್ತಿ ಅವರು ಎಲ್ಲಿ, ಹೇಗೆ ಓದುತ್ತಾರೆಂದು ತಿಂಗಳುಗಟ್ಟಲೆ ನೋಡಿದರು. ಕರಿಯ ಮಕ್ಕಳು ಶ್ರಮಪಟ್ಟೇ ಓದುತ್ತಿದ್ದರು, ಆದರೆ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ. ಚೀನೀ ಮೂಲದ ಮಕ್ಕಳು ಸ್ವಲ್ಪ ಹೊತ್ತು ಒಂಟಿಯಾಗಿ ಓದಿ, ಆಮೇಲೆ ಒಟ್ಟು ಸೇರಿ ಊಟ ಮಾಡುತ್ತಾ ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ತಮ್ಮ ತಪ್ಪು ಅವರಿಗೆ ಅಂದೇ ರಾತ್ರಿ ತಿಳಿಯುತ್ತಿತ್ತು. ಒಂಟಿಯಾಗಿ ಓದುವವನಿಗೆ ತಿಳಿಯುತ್ತಿದ್ದದ್ದು ಪರೀಕ್ಷೆಯ ಫಲಿತಾಂಶ ಬಂದ ಮೇಲೆ.

ಈ ಪಾಠವನ್ನು ಗಂಭೀರವಾಗಿ ಎತ್ತಿಕೊಂಡ ಜಾಗಗಳಲ್ಲಿ ಯು.ಎಂ.ಬಿ.ಸಿ. ಒಂದು. 1987ರಲ್ಲಿ ಇಲ್ಲಿಗೆ ಬಂದ ಫ್ರೀಮನ್ ಹ್ರಬೋವ್‌ಸ್ಕಿ ಎಂಬ ಗಣಿತಜ್ಞರು ಇದರ ರೂವಾರಿ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನವರು. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಕರೆಗೆ ಓಗೊಟ್ಟು ಮಕ್ಕಳ ಮೆರವಣಿಗೆಯಲ್ಲಿ ನಡೆದು ಜೈಲು ಸೇರಿದಾಗ ಅವರಿಗೆ ಬರೀ 12 ವರ್ಷ. 24ನೇ ವಯಸ್ಸಿಗೆ ಪಿಎಚ್.ಡಿ. ಮುಗಿಸಿದವರು. 1988ರಲ್ಲಿ ರಾಬರ್ಟ್ ಮೆಯರ್‌ಹಾಫ್ ಎಂಬ ಉದ್ಯಮಿ ಅವರನ್ನು ಭೇಟಿಯಾದರು. ಟಿ.ವಿ.ಯಲ್ಲಿ ಕರಿಯ ತರುಣರನ್ನು ಅಪರಾಧದ ಸುದ್ದಿಯಲ್ಲಿ ಇಲ್ಲವೇ ಆಟದ ಮೈದಾನದಲ್ಲಿ ಮಾತ್ರ ತೋರಿಸುತ್ತಾರೆ, ಇದು ಬದಲಾಗಬೇಕು ಎಂಬುದು ಆ ಉದ್ಯಮಿಯ ಆಸೆ. ಅವರು ಮತ್ತು ಅವರ ಪತ್ನಿ ಕೊಟ್ಟ 5 ಲಕ್ಷ ಡಾಲರ್‌ನಿಂದ ಮೆಯರ್‌ಹಾಫ್ ಸ್ಕಾಲರ್ಸ್ ಕಾರ್ಯಕ್ರಮ ಹುಟ್ಟಿತು. 1989ರ ಮೊದಲ ತಂಡದಲ್ಲಿ ಇದ್ದದ್ದು 19 ಹುಡುಗರು. ಮರುವರ್ಷ ಹುಡುಗಿಯರೂ ಸೇರಿದರು.

ವಿದ್ಯಾರ್ಥಿವೇತನ ಕೊಟ್ಟು ಕೈ ತೊಳೆದುಕೊಳ್ಳುವ ಯೋಜನೆಗಳು ಎಲ್ಲ ಕಡೆ ಇವೆ. ನಮ್ಮಲ್ಲೂ ಇವೆ, ಫೋಟೋ ಸಮೇತ. ಇಲ್ಲಿ ಹಾಗಲ್ಲ. ಕಾಲೇಜು ಆರಂಭವಾಗುವ ಮೊದಲೇ ಬೇಸಿಗೆಯಲ್ಲಿ ಆರು ವಾರ ಹೊಸಬರೆಲ್ಲ ಒಟ್ಟಿಗೆ ಇರಬೇಕು. ಬೆಳಗ್ಗೆ ಬೇಗ ಏಳಬೇಕು, ಗಣಿತ ಓದಬೇಕು, ಮೊಬೈಲಿಗೂ ಕಡಿವಾಣ. ತರಗತಿಯಲ್ಲಿ ಮುಂದಿನ ಸಾಲಲ್ಲಿ ಕೂರಬೇಕು. ಗುಂಪಿನಲ್ಲಿ ಓದಬೇಕು. ಒಬ್ಬ ಹಿಂದೆ ಬಿದ್ದರೆ ಅದು ಎಲ್ಲರ ತಲೆನೋವು. ಒಂದು ವಿಜ್ಞಾನ ವಿಷಯದಲ್ಲಿ 'ಸಿ' ದರ್ಜೆ ಬಂದರೆ, ಪಾಸಾಯಿತಲ್ಲ ಎಂದು ಮುಂದೆ ಹೋಗುವ ಬದಲು ಅದನ್ನೇ ಮತ್ತೊಮ್ಮೆ ಓದಲು ಹೇಳುತ್ತಾರೆ. ಮೊದಲ ವರ್ಷದಿಂದಲೇ ಯಾವುದಾದರೂ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಹಚ್ಚುತ್ತಾರೆ. ಮುಂದೆ ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು, ಸಂದರ್ಶನದಲ್ಲಿ ಹೇಗೆ ಮಾತನಾಡಬೇಕು ಎಂಬುದನ್ನು ಹೇಳಿಕೊಡುವವರೂ ಇದ್ದಾರೆ. ಸುಶಿಕ್ಷಿತರ ಮನೆಯಲ್ಲಿ ಇದನ್ನೆಲ್ಲ ಅಪ್ಪನೋ ಚಿಕ್ಕಪ್ಪನೋ ಊಟದ ಹೊತ್ತಿಗೆ ಹೇಳಿಬಿಡುತ್ತಾರೆ.

ಇಲ್ಲಿಗೆ ಆಯ್ಕೆಯಾಗಿಯೂ ಬೇರೆ ಕಾಲೇಜಿಗೆ ಹೋದವರ ಜೊತೆ ಹೋಲಿಸಿ ನೋಡಿದಾಗ, ಇಲ್ಲಿ ಓದಿದವರು ವಿಜ್ಞಾನದ ಪಿಎಚ್.ಡಿ.ಗೆ ಹೋಗುವ ಸಾಧ್ಯತೆ ಸುಮಾರು ಐದು ಪಟ್ಟು ಹೆಚ್ಚಿತ್ತು. 2008ರಲ್ಲಿ ಇಲ್ಲಿ ಪದವಿ ಮುಗಿಸಿದ ಕಿಜ್‌ಮೆಕಿಯಾ ಕಾರ್ಬೆಟ್ ಎಂಬ ಹುಡುಗಿ ಮುಂದೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಮಾಡಿ, 2020ರಲ್ಲಿ ಮಾಡರ್ನಾ ಕಂಪೆನಿಯ ಕೋವಿಡ್ ಲಸಿಕೆಯ ಹಿಂದಿದ್ದ ಸಂಶೋಧನಾ ತಂಡದ ಮುಂಚೂಣಿಯಲ್ಲಿದ್ದರು. ಅದೇ ಸಂಸ್ಥೆಯ ಬಾರ್ನಿ ಗ್ರಹಾಂ ಎಂಬ ಹಿರಿಯ ವಿಜ್ಞಾನಿಯ ಜೊತೆ ಅವರು ಕಾಲೇಜಿನ ದಿನಗಳಲ್ಲೇ ಕೆಲಸ ಮಾಡಿದ್ದರು. ಲೋಕವೆಲ್ಲ ಮನೆಯೊಳಗೆ ಕುಳಿತಿದ್ದ ಆ ವರ್ಷ ಯಾರ್ಯಾರ ಜೀವ ಯಾರ ಕೈಯಲ್ಲಿತ್ತು ನೋಡಿ.

ಗ್ರಂಥಾಲಯದ ಆ ಮೇಜನ್ನು ನೋಡುವಾಗ ನನಗೆ ನೆನಪಾದದ್ದು ತಂಗಿಯ ಮಗಳು. ಹತ್ತನೆಯಲ್ಲಿ ಶಾಲೆಗೇ ಮೊದಲಿಗಳು. ವಿಜ್ಞಾನವೇ ಬೇಕೆಂದು ಹಟ ಹಿಡಿದು ದೊಡ್ಡ ಕಾಲೇಜೊಂದಕ್ಕೆ ಸೇರಿದಳು. ಅವಳ ತಂದೆ ಮೀನಿನ ಲಾರಿ ಓಡಿಸುವವರು, ತಾಯಿ ಏಳನೆಯವರೆಗೆ ಓದಿದವಳು. ಕನ್ನಡ ಮಾಧ್ಯಮದಿಂದ ಬಂದವಳಿಗೆ ಭೌತಶಾಸ್ತ್ರದ ಮೊದಲ ಕಿರುಪರೀಕ್ಷೆಯಲ್ಲಿ 25ಕ್ಕೆ 6 ಅಂಕ ಬಂತು. ಮನೆಯಲ್ಲಿ ಕೇಳಲು ಯಾರೂ ಇಲ್ಲ, ತರಗತಿಯಲ್ಲಿ ಕೈ ಎತ್ತಲು ನಾಚಿಕೆ, ಬಸ್ಸು ತಪ್ಪುತ್ತದೆಂದು ಸಂಜೆ ನಿಲ್ಲುವ ಹಾಗಿಲ್ಲ. ರಾತ್ರಿ ಹನ್ನೆರಡರ ತನಕ ಒಬ್ಬಳೇ ಕೂತು ಅದೇ ಪುಟವನ್ನು ಓದುತ್ತಿದ್ದಳು ಎಂದು ತಂಗಿ ಹೇಳುತ್ತಿದ್ದಳು. ಡಿಸೆಂಬರಿಗೆ ಕಾಲೇಜು ಬಿಟ್ಟಳು. ಮುಂದಿನ ವರ್ಷ ಬೇರೆ ಕಡೆ ವಾಣಿಜ್ಯ ವಿಭಾಗ. ಈಗ ಒಂದು ಅಂಗಡಿಯ ಲೆಕ್ಕ ಬರೆಯುತ್ತಾಳೆ, ಚೆನ್ನಾಗಿಯೇ ಬರೆಯುತ್ತಾಳೆ. ಅವಳಿಗೆ ವಿಜ್ಞಾನ ಒಗ್ಗಲಿಲ್ಲ ಎಂದು ಕುಟುಂಬದಲ್ಲಿ ಎಲ್ಲರೂ ಹೇಳುತ್ತಾರೆ. ನನಗೆ ಆ ಮಾತಿನ ಮೇಲೆ ಈಗ ನಂಬಿಕೆ ಇಲ್ಲ.

2006ರಲ್ಲಿ ಸಾಚಾರ್ ಸಮಿತಿ ಕೊಟ್ಟ ವರದಿಯಲ್ಲಿ, ದೇಶದ ಮುಂಚೂಣಿಯ ಕಾಲೇಜುಗಳ ಪದವಿ ತರಗತಿಗಳಲ್ಲಿ 25 ಮಂದಿಯಲ್ಲಿ ಒಬ್ಬರು, ಸ್ನಾತಕೋತ್ತರ ತರಗತಿಗಳಲ್ಲಿ 50 ಮಂದಿಯಲ್ಲಿ ಒಬ್ಬರು ಮಾತ್ರ ಮುಸ್ಲಿಮರು ಎಂದಿತ್ತು. ಈ ಲೆಕ್ಕವನ್ನು ನಾವು ಭಾಷಣಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಆ ಒಬ್ಬ ಸಂಜೆ ಯಾರ ಜೊತೆ ಕೂತು ಓದುತ್ತಾನೆ ಎಂದು ಕೇಳಿದ ಭಾಷಣವನ್ನು ನಾನು ಕೇಳಿಲ್ಲ.

ಅಮೆರಿಕದಲ್ಲೂ ಎಲ್ಲ ಸಲೀಸಾಗಿಲ್ಲ. ಒಂದೇ ಜನಾಂಗಕ್ಕೆ ಮೀಸಲಾದ ವಿದ್ಯಾರ್ಥಿವೇತನ ಸಲ್ಲದು ಎಂದು 1994ರಲ್ಲಿ ಮೇರಿಲ್ಯಾಂಡಿನದೇ ಇನ್ನೊಂದು ಪ್ರಕರಣದಲ್ಲಿ ನ್ಯಾಯಾಲಯ ಹೇಳಿತು. 1996ರಿಂದ ಮೆಯರ್‌ಹಾಫ್ ಕಾರ್ಯಕ್ರಮವೂ ಎಲ್ಲ ಜನಾಂಗದವರಿಗೆ ತೆರೆಯಿತು. ನಾವು ಹೋಗುವ ನಾಲ್ಕು ತಿಂಗಳ ಮೊದಲು, 2023ರ ಜೂನಿನಲ್ಲಿ, ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನೇ ಅಲ್ಲಿನ ಸುಪ್ರೀಂ ಕೋರ್ಟ್ ತಳ್ಳಿಹಾಕಿತ್ತು. ನಾವು ಊರಿಗೆ ಮರಳಿದ ಮೇಲೆ, 2025ರಲ್ಲಿ, ಹಿಂದುಳಿದ ಹಿನ್ನೆಲೆಯ ಪದವಿ ವಿದ್ಯಾರ್ಥಿಗಳನ್ನು ಸಂಶೋಧನೆಗೆ ತಯಾರು ಮಾಡುತ್ತಿದ್ದ ಹಲವು ತರಬೇತಿ ಅನುದಾನಗಳನ್ನು ರಾಷ್ಟ್ರೀಯ ಆರೋಗ್ಯ ಸಂಸ್ಥೆ ನಿಲ್ಲಿಸಿತು. ಕಾರ್ಬೆಟ್‌ಗೆ ದಾರಿ ತೋರಿಸಿದ ಸಂಸ್ಥೆಯೂ ಅದೇ.

ಇನ್ನೊಂದು ದಿನ ನಗರದೊಳಗೆ ಹೋಗಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯನ್ನು ಹೊರಗಿನಿಂದ ನೋಡಿದೆವು. ಕೆಂಪು ಇಟ್ಟಿಗೆಯ ಹಳೆಯ ಕಟ್ಟಡ, ಮೇಲೆ ಗುಮ್ಮಟ. ಹುಟ್ಟುವಾಗಲೇ ಹೃದಯದ ದೋಷದಿಂದ ನೀಲಿಗಟ್ಟುವ ಮಕ್ಕಳಿಗೆ 1944ರ ನವೆಂಬರ್ 29ರಂದು ಇಲ್ಲಿ ಮೊದಲ ಶಸ್ತ್ರಚಿಕಿತ್ಸೆ ನಡೆಯಿತು. ಕತ್ತರಿ ಹಿಡಿದದ್ದು ಡಾ. ಆಲ್ಫ್ರೆಡ್ ಬ್ಲಾಲಾಕ್. ಅವರ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಂತು ಹೀಗೆ ಮಾಡಿ, ಹಾಗೆ ಮಾಡಿ ಎಂದು ಹೇಳುತ್ತಿದ್ದವರು ವಿವಿಯನ್ ಥಾಮಸ್. ಬಡಗಿಯಾಗಿದ್ದ ಕರಿಯ ತರುಣ. ವೈದ್ಯನಾಗಲು ಕೂಡಿಟ್ಟಿದ್ದ ಹಣ 1930ರ ಸುಮಾರಿಗೆ ಬ್ಯಾಂಕು ಮುಳುಗಿ ಹೋಯಿತು. ಬ್ಲಾಲಾಕ್ ಅವರನ್ನು ಪ್ರಯೋಗಾಲಯಕ್ಕೆ ಸೇರಿಸಿಕೊಂಡು ಶಸ್ತ್ರವಿದ್ಯೆಯನ್ನೆಲ್ಲ ಕಲಿಸಿದರು. ಆದರೆ ಕಡತದಲ್ಲಿ ಅವರ ಹುದ್ದೆ ಜಾಡಮಾಲಿಯದು, ಸಂಬಳವೂ ಅಷ್ಟೇ. ಥಾಮಸ್ ಅವರ ಭಾವಚಿತ್ರವನ್ನು ಆಸ್ಪತ್ರೆಗೆ ಅರ್ಪಿಸಿದ್ದು 1971ರಲ್ಲಿ, ಗೌರವ ಡಾಕ್ಟರೇಟ್ ಸಿಕ್ಕಿದ್ದು 1976ರಲ್ಲಿ. ಕಲಿಸುವುದು ಬೇರೆ, ಕಲಿತವನಿಗೆ ಕುರ್ಚಿ ಕೊಡುವುದು ಬೇರೆ. ಬ್ಲಾಲಾಕ್ ಮೊದಲನೆಯದನ್ನು ಮನಸಾರೆ ಮಾಡಿದರು.

ಕೊನೆಗೆ ಹೋದದ್ದು ಕೇಟನ್ಸ್‌ವಿಲ್‌ನಿಂದ ಕಾರಿನಲ್ಲಿ ಸ್ವಲ್ಪವೇ ದೂರದ ಒಯೆಲ್ಲಾ ಎಂಬ ಹಳ್ಳಿಗೆ. ಕಾಡಿನ ನಡುವೆ ಬೆಂಜಮಿನ್ ಬ್ಯಾನೆಕರ್ ಅವರ ಹೊಲವಿದ್ದ ಜಾಗದಲ್ಲಿ 1998ರಿಂದ ಒಂದು ಮ್ಯೂಸಿಯಂ ಇದೆ. ಪಕ್ಕದಲ್ಲಿ ಅವರ ಮನೆಯ ಮಾದರಿಯಲ್ಲಿ ಕಟ್ಟಿದ ಮರದ ದಿಮ್ಮಿಯ ಗುಡಿಸಲು. ಬ್ಯಾನೆಕರ್ 1731ರಲ್ಲಿ ಹುಟ್ಟಿದ ಸ್ವತಂತ್ರ ಕರಿಯ ರೈತ, ತಂಬಾಕು ಬೆಳೆಯುತ್ತಿದ್ದವರು. ಯಾರದೋ ಗಡಿಯಾರವನ್ನು ನೋಡಿ ಮರದಲ್ಲೇ ಒಂದು ಗಡಿಯಾರ ಕೆತ್ತಿದ್ದರಂತೆ. ಅವರಿಗೆ 57 ದಾಟುವ ಹೊತ್ತಿಗೆ ಪಕ್ಕದ ಗಿರಣಿಯ ಜಾರ್ಜ್ ಎಲಿಕಾಟ್, ವಯಸ್ಸಿನಲ್ಲಿ ಅವರ ಮಗನಷ್ಟಿದ್ದವರು, ಖಗೋಳಶಾಸ್ತ್ರದ ಪುಸ್ತಕಗಳು, ಉಪಕರಣಗಳು ಮತ್ತು ಅವುಗಳನ್ನಿಡಲು ಒಂದು ಮೇಜನ್ನು ಕೊಟ್ಟುಹೋದರು. ಬಂದು ಕಲಿಸುತ್ತೇನೆ ಎಂದಿದ್ದರು, ಕೆಲಸದ ಒತ್ತಡದಲ್ಲಿ ತಡವಾಯಿತು. ಅಷ್ಟರಲ್ಲಿ ಬ್ಯಾನೆಕರ್ ತಾವೇ ಓದಿ, ಸೂರ್ಯಗ್ರಹಣದ ಲೆಕ್ಕ ಹಾಕಿ ಅವರಿಗೆ ಕಳುಹಿಸಿದರು.

ಮುಂದೆ ಅವರು ಪಂಚಾಂಗಗಳನ್ನು ಪ್ರಕಟಿಸಿದರು. 1791ರಲ್ಲಿ ಅದರ ಹಸ್ತಪ್ರತಿಯ ಜೊತೆ, ಮನುಷ್ಯರೆಲ್ಲ ಸಮಾನರೆಂದು ಬರೆದ ನೀವೇ ಗುಲಾಮರನ್ನು ಇಟ್ಟುಕೊಂಡಿದ್ದೀರಲ್ಲ ಎಂದು ಥಾಮಸ್ ಜೆಫರ್ಸನ್‌ಗೆ ಪತ್ರವನ್ನೂ ಬರೆದರು. ಜೆಫರ್ಸನ್ ಮೆಚ್ಚಿ ಉತ್ತರಿಸಿದರು. ಆದರೆ 1809ರಲ್ಲಿ, ಬ್ಯಾನೆಕರ್ ತೀರಿಕೊಂಡ ಮೂರು ವರ್ಷದ ನಂತರ, ಆ ಲೆಕ್ಕಗಳಲ್ಲಿ ಎಲಿಕಾಟ್‌ನ ಸಹಾಯ ಇದ್ದಿರಬೇಕು ಎಂದು ಗೆಳೆಯನೊಬ್ಬನಿಗೆ ಬರೆದರು. ಪುಸ್ತಕ ಕೊಟ್ಟದ್ದೇ ಸಂಶಯಕ್ಕೆ ಕಾರಣವಾಯಿತು.

1806ರಲ್ಲಿ, ಅವರ ದಫನದ ದಿನವೇ, ಮನೆಗೆ ಬೆಂಕಿ ಬಿತ್ತು. ಅವರ ಕಾಗದಪತ್ರಗಳಲ್ಲಿ ಹೆಚ್ಚಿನವು ಸುಟ್ಟುಹೋದವು, ಮರದ ಗಡಿಯಾರವೂ ಹೋಯಿತು. ಎಲಿಕಾಟ್ ಕೊಟ್ಟಿದ್ದ ಮೇಜು ಉಳಿಯಿತು. ಸಾಲವಾಗಿ ತಂದದ್ದು ಎಂದು ಅವರ ಸೋದರಿಯ ಮಗ ಅದನ್ನು ಆ ಮೊದಲೇ ಹೊತ್ತೊಯ್ದು ಹಿಂದಿರುಗಿಸಿದ್ದ.