ಎರಡು ಸೀಸೆ, ಒಂದು ಎಣ್ಣೆಗಾಯಿ

ಪ್ಯಾರಿಸ್‌ನಿಂದ ವೇಗದ ರೈಲಿನಲ್ಲಿ ಒಂದೂವರೆ ಗಂಟೆ ಕುಳಿತರೆ ಡಿಜೋನ್ ಊರು. ಸಾಸಿವೆಗೆ ಹೆಸರಾದ ಈ ಊರು ಫ್ರಾನ್ಸಿನ ಬರ್ಗಂಡಿ ಸೀಮೆಗೆ ತಲೆಬಾಗಿಲು. ನನ್ನ ಮಗಳು ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅಕ್ಟೋಬರ್‌ನಲ್ಲಿ ಅವಳನ್ನು ನೋಡಲು ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ಅರ್ಧ ಭಾಗ ಮೆಣಸಿನಪುಡಿ, ಹುರಿದ ಎಳ್ಳು, ಕೊಬ್ಬರಿ. ಮನಸ್ಸಿನಲ್ಲಿ ಮಾತ್ರ ಒಂದೇ ಪ್ರಶ್ನೆ: ಹುಡುಗಿ ಅಲ್ಲಿ ಕುಡಿಯುತ್ತಾಳೋ ಹೇಗೆ?

ಈ ಅಂಜಿಕೆಗೆ ಕಾರಣವಿದೆ. ತೀರ್ಥಹಳ್ಳಿ ಸೀಮೆಯ ನನ್ನ ತವರಿನಲ್ಲಿ ನಮ್ಮಣ್ಣನ ಕುಡಿತ ಒಂದೂವರೆ ಎಕರೆ ಅಡಿಕೆ ತೋಟವನ್ನು ನುಂಗಿತು. ಕೊನೆಗೆ ಅವನನ್ನೂ ನುಂಗಿತು. ಹಾಗಾಗಿ ಫೋನಿನಲ್ಲಿ ವಾರಕ್ಕೊಮ್ಮೆ ಕೇಳುತ್ತಿದ್ದೆ. "ಇಲ್ಲಮ್ಮ" ಎಂಬ ಉತ್ತರವೂ ವಾರಕ್ಕೊಮ್ಮೆ ಬರುತ್ತಿತ್ತು.

ಡಿಜೋನ್‌ನಿಂದ ದಕ್ಷಿಣಕ್ಕೆ ಬೋನ್ ಪಟ್ಟಣದ ಕಡೆ ಸುಮಾರು 40 ಕಿ.ಮೀ. ಹೋದರೆ ದಾರಿಯುದ್ದಕ್ಕೂ ಒಂದು ಬದಿಗೆ ಇಳಿಜಾರು ದಿಬ್ಬ, ಅದರ ಮೈತುಂಬ ದ್ರಾಕ್ಷಿ. ಇದರ ಹೆಸರು ಕೋತ್ ದೋರ್, ಎಂದರೆ ಬಂಗಾರದ ದಿಬ್ಬ. ಕೊಯ್ಲು ಮುಗಿದು ಎಲೆ ಹಳದಿಗೆ ತಿರುಗಿದ್ದ ಆ ದಿನಗಳಲ್ಲಿ ಹೆಸರು ಸುಳ್ಳೆನಿಸಲಿಲ್ಲ. ಒಂದೊಂದು ತುಂಡು ನೆಲಕ್ಕೂ ಒಂದೊಂದು ಹೆಸರು. ಪಕ್ಕದ ತುಂಡಿನ ದ್ರಾಕ್ಷಿಗೆ ಬೇರೆ ರುಚಿ, ಬೇರೆ ಬೆಲೆ! ನಮ್ಮಲ್ಲಿ ತೋಟದ ತಲೆಗಟ್ಟು, ಕೊನೆಗಟ್ಟು ಎಂದು ಅಡಿಕೆಯನ್ನು ಅಳೆಯುವ ಹಿರಿಯರು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರು. ಈ ತುಂಡುಗಳನ್ನು 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಬೋನ್‌ನಲ್ಲಿ ನೋಡಲೇಬೇಕಾದದ್ದು ಬಣ್ಣಬಣ್ಣದ ಹೆಂಚು ಹೊದೆಸಿದ ಹಳೆಯ ಧರ್ಮಾಸ್ಪತ್ರೆ. ಬರ್ಗಂಡಿ ದೊರೆಯ ಮಂತ್ರಿ ನಿಕೊಲಾ ರೋಲಾ ಮತ್ತು ಅವನ ಹೆಂಡತಿ 1443ರಲ್ಲಿ ಬಡರೋಗಿಗಳಿಗಾಗಿ ಇದನ್ನು ಕಟ್ಟಿಸಿದರು. 1971ರವರೆಗೂ ಇಲ್ಲಿ ರೋಗಿಗಳಿದ್ದರು. ದಾನಿಗಳು ಬಿಟ್ಟುಹೋದ ದ್ರಾಕ್ಷಿ ತೋಟಗಳ ವೈನನ್ನು 1859ರಿಂದ ಪ್ರತಿ ನವೆಂಬರ್‌ನಲ್ಲಿ ಹರಾಜು ಹಾಕುತ್ತಾರೆ. ಹಣ ಆಸ್ಪತ್ರೆಗೆ ಹೋಗುತ್ತದೆ. ಕುಡಿತದಿಂದ ಆಸ್ಪತ್ರೆ ಸೇರಿದವರನ್ನು ಕಂಡ ನನಗೆ, ವೈನಿನಿಂದ ನಡೆಯುವ ಆಸ್ಪತ್ರೆ ಸೋಜಿಗವೇ ಆಯಿತು.

ಮಗಳಿಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದವರು ನಿವೃತ್ತ ಶಾಲಾ ಮೇಷ್ಟರು ಮತ್ತು ಅವರ ಮಡದಿ. ಭಾನುವಾರ ರಾತ್ರಿಯ ಊಟ ನನ್ನ ಕೈಯದು ಎಂದು ಮೊದಲೇ ನಿಶ್ಚಯವಾಗಿತ್ತು. ಅಲ್ಲಿಯ ಬದನೆಕಾಯಿ ತೆಂಗಿನಕಾಯಿಯಷ್ಟು ದಪ್ಪ. ಅದನ್ನೇ ಹೋಳು ಮಾಡಿ ಎಣ್ಣೆಗಾಯಿ, ಜೊತೆಗೆ ಅಕ್ಕಿರೊಟ್ಟಿ ಮಾಡಿದೆ. ಮದಾಮ್ ಚೀಸ್ ಹಾಕಿದ ಉಬ್ಬಿದ ಪುಟ್ಟ ಬನ್ನು ಸುಟ್ಟರು. ಮೇಷ್ಟರು ನೆಲಮಾಳಿಗೆಗೆ ಇಳಿದು ಎರಡು ಸೀಸೆ ತಂದರು. ನನ್ನ ಅಡುಗೆಗೆ ಯಾವ ಕೆಂಪು ವೈನ್ ಹೊಂದುತ್ತದೆ ಎಂದು ಪರೀಕ್ಷೆಯಂತೆ!

ಒಂದು ಸೀಸೆಯ ಹೆಗಲು ಇಳಿಜಾರು. ಅದು ಬರ್ಗಂಡಿ. ಇನ್ನೊಂದರ ಹೆಗಲು ನೆಟ್ಟಗೆ, ಪಡೆಯ ಸಿಪಾಯಿಯ ಹಾಗೆ. ಅದು ಅಟ್ಲಾಂಟಿಕ್ ಕಡಲ ಕಡೆಯ ಬೋರ್ಡೊ. ಮೊದಲನೆಯದು ಪಿನೋ ನ್ವಾರ್ ಎಂಬ ತೆಳುಸಿಪ್ಪೆಯ ದ್ರಾಕ್ಷಿಯದು. ಗ್ಲಾಸಿನ ಆಚೆ ಹಿಡಿದ ಬೆರಳು ಕಾಣುವಷ್ಟು ತಿಳಿಗೆಂಪು. ಎರಡನೆಯದರಲ್ಲಿ ಕಬರ್ನೆ ಸೊವಿನ್ಯೋನ್ ಎಂಬ ದಪ್ಪಸಿಪ್ಪೆಯ ದ್ರಾಕ್ಷಿಯೇ ಹೆಚ್ಚು. ಬಣ್ಣ ನೇರಳೆಹಣ್ಣಿನ ರಸದಂತೆ ಕಪ್ಪು. ಕೆಂಪು ವೈನಿಗೆ ಬಣ್ಣವೂ ಒಗರೂ ಬರುವುದು ರಸವನ್ನು ಸಿಪ್ಪೆಯೊಂದಿಗೆ ಹುದುಗಿಸುವುದರಿಂದ ಎಂದು ಮೇಷ್ಟರು ವಿವರಿಸಿದರು, ಮಗಳು ಕನ್ನಡಕ್ಕೆ ತಿರುಗಿಸಿದಳು.

"ಒಗರು ಅಂದರೆ ನಮಗೆ ಗೊತ್ತು" ಎಂದೆ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಕೈ ಕೆಂಪಾಗಿಸಿಕೊಂಡು ಬೆಳೆದವಳು ನಾನು. ಚೊಗರಿನಲ್ಲಿರುವುದೂ ಇದೇ ಟ್ಯಾನಿನ್. ಅದು ಎಂಜಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ನಾಲಿಗೆ ಒಣಗಿದಂತಾಗುತ್ತದೆ. ನಾನು ಕುಡಿಯುವವಳಲ್ಲ, ಮೂಸಿ ಮಾತ್ರ ನೋಡಿದೆ. ಬರ್ಗಂಡಿಯಲ್ಲಿ ಹಣ್ಣಿನ ವಾಸನೆ, ಮಳೆ ಬಿದ್ದ ತೋಟದ ವಾಸನೆ. ಬೋರ್ಡೊದಲ್ಲಿ ಹಳೆಯ ಮರದ ಪೆಟ್ಟಿಗೆ ತೆರೆದಂತೆ.

ಎಣ್ಣೆಗಾಯಿಯ ತುತ್ತಿನ ಮೇಲೆ ಮೇಷ್ಟರು ಬೋರ್ಡೊ ಗುಟುಕರಿಸಿದ್ದೇ ತಡ, ಮುಖ ಕೆಂಪೇರಿತು. ಒಗರೂ ಮದ್ಯದ ಬಿಸಿಯೂ ಸೇರಿ ಮೆಣಸಿನ ಖಾರವನ್ನು ಎರಡರಷ್ಟು ಮಾಡಿದ್ದವು. ಒಗರು ಕಡಿಮೆಯಿದ್ದ ಬರ್ಗಂಡಿ ಖಾರದೊಡನೆ ಜಗಳವಾಡಲಿಲ್ಲ. ಆದರೆ ಊಟದ ಕೊನೆಗೆ ಗಟ್ಟಿ ಚೀಸ್ ಬಂದಾಗ ಅದೇ ಬೋರ್ಡೊ ಮೃದುವಾಯಿತಂತೆ. ಚೀಸಿನ ಪ್ರೋಟೀನು, ಕೊಬ್ಬು ಒಗರನ್ನು ತಗ್ಗಿಸುತ್ತವೆ. ಸೀಸೆಯ ಬೆಲೆಗಿಂತ ತಟ್ಟೆಯಲ್ಲಿ ಏನಿದೆ ಎಂಬುದೇ ಮುಖ್ಯ ಎಂದು ಅವರ ತೀರ್ಪು.

ಇಷ್ಟರ ನಡುವೆ ಮದಾಮ್ ಮಗಳ ಗ್ಲಾಸಿಗೂ ಎರಡು ಬೆರಳಷ್ಟು ಸುರಿದಿದ್ದರು. ಕೇಳದೆಯೇ ಸುರಿದ ರೀತಿಯಲ್ಲೇ ಇದು ಮೊದಲ ಸಲವಲ್ಲ ಎಂದು ತಿಳಿಯಿತು. ಮಗಳು ಗ್ಲಾಸು ಮುಟ್ಟಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

ಮೇಷ್ಟರಿಗೆ ಅರ್ಥವಾಯಿತೇನೋ. ತಮ್ಮ ದೇಶದ ಕಥೆ ಹೇಳಿದರು. ಒಂದು ಕಾಲಕ್ಕೆ ಶಾಲಾಮಕ್ಕಳ ಊಟಕ್ಕೂ ವೈನ್ ಕೊಡುತ್ತಿದ್ದರಂತೆ! 14 ವರ್ಷದೊಳಗಿನ ಮಕ್ಕಳಿಗೆ ಅದನ್ನು ನಿಲ್ಲಿಸಿದ್ದು 1956ರಲ್ಲಿ. ಈಗ 18 ತುಂಬದವರಿಗೆ ಮದ್ಯ ಮಾರುವಂತಿಲ್ಲ. "ಊಟದ ಜೊತೆ ಕುಡಿದರೆ ಕೆಡುಕಿಲ್ಲ ಎಂದುಕೊಂಡೇ ನಮ್ಮಲ್ಲೂ ಎಷ್ಟೋ ಮನೆ ಹಾಳಾಗಿವೆ" ಎಂದರು. ಎಷ್ಟು ಕಡಿಮೆಯಾದರೂ ಮದ್ಯ ಪೂರ್ತಿ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದನ್ನು ನಾನೂ ಓದಿದ್ದೆ. ವೈನಿನ ಊರಿನವರ ಬಾಯಲ್ಲೇ ಆ ಮಾತು ಬಂದದ್ದು ಸಮಾಧಾನವಾಯಿತು.

ಪಾತ್ರೆ ತೊಳೆಯುವಾಗ ಮಗಳೇ ಬಾಯಿಬಿಟ್ಟಳು. "ಭಾನುವಾರ ಇವರ ಮನೆಯಲ್ಲಿ ಅಷ್ಟೇ ಅಮ್ಮ. ಮಾವನ ನೆನಪಾಗುತ್ತೆ, ಎರಡು ಗುಟುಕಿಗೆ ನಿಲ್ಲಿಸುತ್ತೇನೆ. ನೀನು ಹೆದರುತ್ತೀ ಅಂತ ಹೇಳಲಿಲ್ಲ."

"ಕುಡಿದದ್ದಕ್ಕಿಂತ ಮುಚ್ಚಿಟ್ಟದ್ದಕ್ಕೇ ಹೆಚ್ಚು ಹೆದರಿಕೆ ಕಣೇ" ಎಂದೆ. "ನಮ್ಮಣ್ಣನೂ ಮೊದಲು ಶುರು ಮಾಡಿದ್ದು ಮುಚ್ಚಿಡುವುದನ್ನೇ."

ಅವಳು ತುಂಬ ಹೊತ್ತು ಒಂದೇ ತಟ್ಟೆ ಒರೆಸಿದಳು. "ಅಪ್ಪನಿಗೆ ಹೇಳ್ತೀಯಾ?"

"ನೀನೇ ಹೇಳು."

ನಾನು ಊರಿಗೆ ಮರಳಿ ಎರಡು ವಾರವಾದ ಮೇಲೆ ಒಂದು ಭಾನುವಾರ ಫೋನು ಬಂತು. ಎತ್ತಿದವರು ಇವರು. ಅರ್ಧ ಗಂಟೆ ಮಾತಾಡಿದರು. ಫೋನು ಇಟ್ಟ ಮೇಲೆ ಕೇಳಿದ್ದು ಒಂದೇ ಮಾತು: "ಎಣ್ಣೆಗಾಯಿಗೆ ಖಾರ ಅಷ್ಟು ಯಾಕೆ ಹಾಕಿದ್ದೆ?"