ಅಗರಂ ಬಯಲಿನ ಮೋಟಾರು ಪಂದ್ಯಗಳು

ಬೆಂಗಳೂರಿನ ಒಂದೊಂದು ಭಾಗಕ್ಕೂ ಒಂದೊಂದು ಪ್ರಸಿದ್ಧಿಯುಂಟು. ಪೇಟೆಗೆ ಕರಗ, ಬಸವನಗುಡಿಗೆ ಕಡಲೆಕಾಯಿಯ ಪರಿಷೆ, ಹಲಸೂರಿಗೆ ಅದರ ಕೆರೆ ಮತ್ತು ಸೋಮೇಶ್ವರನ ಗುಡಿ. ದಂಡಿನ ಪ್ರದೇಶದ ಮೂಡಣ ಅಂಚಿಗೆ ಒಂದು ಕಾಲದಲ್ಲಿ ಮೋಟಾರು ಪಂದ್ಯದ ಪ್ರಸಿದ್ಧಿಯೂ ಇದ್ದಿತೆಂಬುದನ್ನು ಈಗಿನವರಲ್ಲಿ ಬಹು ಮಂದಿ ಅರಿಯರು. ಅರಿತವರಿಗೆ ತಲೆ ನರೆತಿದೆ. ಅವರು ಹೇಳದೆ ಹೋದರೆ ಹೇಳುವವರು ಉಳಿಯುವುದಿಲ್ಲ. ಆದುದರಿಂದ ಈ ನಾಲ್ಕು ಮಾತು.

ಮಹಾತ್ಮಾ ಗಾಂಧಿ ರಸ್ತೆಯನ್ನು ಹಿಂದೆ ಸೌತ್ ಪೆರೇಡ್ ಎಂದು ಕರೆಯುತ್ತಿದ್ದರು. ಅದರ ಉದ್ದಕ್ಕೂ ಮೂಡಲಿಗೆ ನಡೆದರೆ ಟ್ರಿನಿಟಿ ಇಗರ್ಜಿ ಸಿಕ್ಕುವುದು. ಅಲ್ಲಿಂದ ಎಡಕ್ಕೆ ಹಲಸೂರು. ಮುಂದಕ್ಕೆ ಹಳೆಯ ಮದರಾಸು ರಸ್ತೆ. ಬಲಕ್ಕೆ ತಿರುಗಿ ದೊಮ್ಮಲೂರಿನ ಕಡೆಗೆ ಸಾಗಿದರೆ ಸೈನ್ಯದ ಅಗರಂ ಪ್ರದೇಶ. ಒಂದು ಮಗ್ಗುಲಲ್ಲಿ ಚೋಳರ ಕಾಲದ ಶಾಸನಗಳನ್ನು ಹೊತ್ತ ದೊಮ್ಮಲೂರಿನ ಚೊಕ್ಕನಾಥಸ್ವಾಮಿಯ ದೇವಾಲಯ, ಇನ್ನೊಂದು ಮಗ್ಗುಲಲ್ಲಿ ಸಿಪಾಯಿಗಳ ವಸತಿ, ನಡುವೆ ವಿಸ್ತಾರವಾದ ಬಯಲು. ಆ ಬಯಲಿನಲ್ಲಿ ವಿಮಾನಗಳಿಗಾಗಿ ಮಾಡಿದ್ದ ಹಳೆಯ ಓಟದ ಹಾದಿಯೊಂದಿದ್ದಿತು. ಕಳೆದ ಶತಮಾನದ ಎಪ್ಪತ್ತರ ಮತ್ತು ಎಂಬತ್ತರ ದಶಕಗಳಲ್ಲಿ ಮೋಟಾರು ಪಂದ್ಯಗಳು ನಡೆಯುತ್ತಿದ್ದುದು ಆ ಹಾದಿಯ ಮೇಲೆ.

ಈ ಹುಚ್ಚು ದಂಡಿನಲ್ಲಿಯೇ ಏಕೆ ಬೇರೂರಿತೆಂದು ಕೇಳಬಹುದು. 1809ರಲ್ಲಿ ಇಂಗ್ಲಿಷರ ಸೈನ್ಯ ಇಲ್ಲಿ ಬೀಡುಬಿಟ್ಟಂದಿನಿಂದ ಕುದುರೆಯ ಜೂಜು, ಪೋಲೋ, ಕವಾಯತು ಇವೆಲ್ಲ ಇಲ್ಲಿನ ಜನಕ್ಕೆ ನಿತ್ಯದ ನೋಟಗಳಾದುವು. ಕುದುರೆಯ ಮೇಲಿನ ಮೋಹ ಯಂತ್ರಕ್ಕೆ ವರ್ಗವಾಗುವುದು ಕಷ್ಟವಲ್ಲ. 1947ರಲ್ಲಿ ದಂಡು ಮರಳಿ ಮೈಸೂರಿನ ಆಡಳಿತಕ್ಕೆ ಸೇರಿತು; ಅಧಿಕಾರಿಗಳು ಹಡಗು ಹತ್ತಿದರು. ಹೋಗುವವರು ತಮ್ಮ ಗಾಡಿಗಳನ್ನೆಲ್ಲ ಹೊತ್ತುಕೊಂಡು ಹೋಗಲಾದೀತೆ? ಅಂಥವು ಕೈಯಿಂದ ಕೈಗೆ ದಾಟಿ ಇಲ್ಲಿಯೇ ಉಳಿದವು. 1250 ಸಿ.ಸಿ.ಯ ಪುಟ್ಟ ಎಂ.ಜಿ. ಟಿ.ಸಿ., 1948ರಲ್ಲಿ ಲಂಡನ್ನಿನಲ್ಲಿ ಮೊದಲು ಕಾಣಿಸಿಕೊಂಡು ಗಂಟೆಗೆ 120 ಮೈಲಿಯ ವೇಗವನ್ನೇ ಹೆಸರಾಗಿ ಧರಿಸಿದ ಜಾಗ್ವಾರ್ ಎಕ್ಸ್.ಕೆ. 120, ಇಂಥವುಗಳ ಹೆಸರನ್ನು ಆ ಕಾಲದ ಹುಡುಗರು ದೇವರ ನಾಮದಂತೆ ಜಪಿಸುತ್ತಿದ್ದರು.

ಮುಂದೆ ಪರದೇಶದ ಕಾರುಗಳ ಆಮದಿಗೆ ಸರಕಾರ ಕಡಿವಾಣ ಹಾಕಿತು. ದೇಶದಲ್ಲಿ ತಯಾರಾಗುತ್ತಿದ್ದುದು ಕಲ್ಕತ್ತೆಯ ಕಡೆಯ ಅಂಬಾಸಡರ್, ಬೊಂಬಾಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಇಷ್ಟೇ ಎನ್ನಬಹುದು. ಮನೆಮಂದಿಯನ್ನು ತುಂಬಿಕೊಂಡು ನಂಜನಗೂಡಿಗೆ ಹೋಗಿಬರಲು ಮಾಡಿದ ಈ ಸಾಧು ಗಾಡಿಗಳನ್ನೇ ಪಂದ್ಯದ ಕುದುರೆಗಳನ್ನಾಗಿ ಮಾಡಬೇಕಾಗಿದ್ದಿತು. ಈ ಪವಾಡ ನಡೆಯುತ್ತಿದ್ದುದು ಶಿವಾಜಿನಗರದ ಗಲ್ಲಿಗಳಲ್ಲಿ. ರಸೆಲ್ ಮಾರುಕಟ್ಟೆಯ ಸುತ್ತುಮುತ್ತಿನ ಗುಜರಿ ಅಂಗಡಿಗಳಲ್ಲಿ ಹುಡುಕಿದರೆ ಯಾವ ಗಾಡಿಯ ಯಾವ ಅಂಗವಾದರೂ ದೊರೆಯುವುದೆಂಬ ನಂಬಿಕೆ ಜನರಲ್ಲಿತ್ತು. ಅದು ಪೂರ್ಣವಾಗಿ ಸುಳ್ಳೂ ಆಗಿರಲಿಲ್ಲ. ಮೇಸ್ತ್ರಿಗಳು ಎಂಜಿನ್ನಿನ ಹೆಡ್ಡನ್ನು ತೆಳ್ಳಗೆ ಹೆರೆಸಿ ಅನಿಲದ ಒತ್ತಡವನ್ನು ಹೆಚ್ಚಿಸುವರು; ಒಂದಿದ್ದ ಕಾರ್ಬುರೇಟರಿನ ಎಡೆಯಲ್ಲಿ ಎರಡನ್ನು ಕೂಡಿಸುವರು; ಹಿಂದಿನ ಆಸನ, ಬಂಪರು, ಒಳಗಣ ಬಟ್ಟೆ ಎಲ್ಲವನ್ನೂ ಕಿತ್ತು ತೂಕವನ್ನು ಇಳಿಸುವರು. ಪುಸ್ತಕವನ್ನು ಓದಿ ಕಲಿತವರು ಅವರಲ್ಲಿ ವಿರಳ. ಎಂಜಿನ್ನಿಗೆ ಕಿವಿಗೊಟ್ಟು, ವೈದ್ಯನು ನಾಡಿ ಹಿಡಿದು ಹೇಳುವಂತೆ, ದೋಷವಿರುವ ತಾಣವನ್ನು ಹೇಳಿಬಿಡುತ್ತಿದ್ದರು.

ಇಂಥ ಮುದುಕ ಮೇಸ್ತ್ರಿಯೊಬ್ಬನನ್ನು ನಾನು ಬಲ್ಲೆನು. ಪಂದ್ಯ ಮುಗಿದ ಸಂಜೆ ಗಾಡಿ ಮನೆಗೆ ಹೊರಡುವ ಮೊದಲು ಆತ ಪಂದ್ಯದ ಕಾರ್ಬುರೇಟರುಗಳನ್ನು ಬಿಚ್ಚಿ, ಹಳೆಯದನ್ನು ಕೂಡಿಸಿಯೇ ಕಳುಹಿಸುತ್ತಿದ್ದ. ಗೆದ್ದ ಉಬ್ಬಿನಲ್ಲಿ ಹುಡುಗರು ಅವಸರಪಡಿಸುವರು. ಆತ ಜಗ್ಗುತ್ತಿರಲಿಲ್ಲ. “ಅಲ್ಲಿ ಎದುರಿನಿಂದ ಬರುವ ಗಾಡಿ ಇರಲಿಲ್ಲ ಸ್ವಾಮಿ, ಇಲ್ಲಿ ಇದೆ. ಈ ಭೇದ ಗಾಡಿಗೆ ತಿಳಿಯುವುದಿಲ್ಲ, ನಿಮಗೆ ತಿಳಿಯಬೇಕು” ಎನ್ನುವನು. ಆಗ ಅದು ಮುದುಕನ ಹಟವೆಂದು ತೋರಿತ್ತು. ಅದರಲ್ಲಿ ಒಂದು ಶಾಸ್ತ್ರವೇ ಅಡಗಿದೆಯೆಂಬುದನ್ನು ಮುಂದೆ ನಿವೇದಿಸುತ್ತೇನೆ.

ಪಂದ್ಯದ ದಿನದ ಬಯಲನ್ನು ವಾಚಕರು ಊಹಿಸಿಕೊಳ್ಳಬೇಕು. ವಿಮಾನದ ಹಾದಿ ನೆಟ್ಟಗೆ ಇರುವಂಥದು. ಅದಕ್ಕೆ ತಿರುವುಗಳನ್ನು ಮನುಷ್ಯನೇ ಕಲ್ಪಿಸಬೇಕು. ಹುಲ್ಲಿನ ಪಿಂಡಿ, ತಗಡಿನ ಪೀಪಾಯಿ, ಹಳೆಯ ಟೈರುಗಳನ್ನು ಒಟ್ಟಿ ಹಾದಿಯನ್ನು ಗುರುತು ಮಾಡುವರು. ನೇರ ಹಾದಿಯಲ್ಲಿ ಯಾರು ಬೇಕಾದರೂ ವೇಗವಾಗಿ ಹೋದಾರು. ಅದರ ತುದಿಯಲ್ಲಿ ಹಿಂತಿರುಗುವ ಕಡಿದಾದ ತಿರುವಿನಲ್ಲಿ ಗಂಡಸುತನದ ಪರೀಕ್ಷೆ. ಅಂದಿನ ಡ್ರಮ್ ಬ್ರೇಕುಗಳು ನಾಲ್ಕು ಸುತ್ತಿಗೇ ಕಾದು ಹಿಡಿತ ಕಳೆದುಕೊಳ್ಳುತ್ತಿದ್ದುವು. ಜಾಣನಾದವನು ಗೇರನ್ನು ಇಳಿಸಿ ಎಂಜಿನ್ನಿನಿಂದಲೇ ಗಾಡಿಯನ್ನು ತಡೆದು, ಬ್ರೇಕನ್ನು ಕೊನೆಯ ಸುತ್ತಿಗೆಂದು ಜೋಪಾನಮಾಡುವನು. ಆತುರಗಾರನು ಹುಲ್ಲಿನ ಪಿಂಡಿಗಳನ್ನು ಚೆಲ್ಲಾಪಿಲ್ಲಿ ಮಾಡಿ, ಜನರ ನಗುವಿನ ನಡುವೆ ಕೆಳಗಿಳಿಯುವನು.

ಗೃಹಿಣಿಯರಿಗೆ ಸೋಜಿಗವೆನಿಸುವ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಹಿಂದಿನ ಪಂದ್ಯದ ಗಾಡಿಗಳ ಹೊಗೆಗೆ ಒಂದು ವಿಶೇಷವಾದ ವಾಸನೆಯಿದ್ದಿತು. ಅದು ನಮ್ಮ ಮನೆಗಳಲ್ಲಿ ಶನಿವಾರದ ಅಭ್ಯಂಜನಕ್ಕೆ ಬಳಸುವ ಹರಳೆಣ್ಣೆಯ ವಾಸನೆ! ಹರಳೆಣ್ಣೆ ಕಡು ಶಾಖದಲ್ಲಿಯೂ ಲೋಹವನ್ನು ಬಿಡದೆ ಅಂಟಿಕೊಂಡಿರುವ ಗುಣವುಳ್ಳದ್ದು. ಆದುದರಿಂದಲೇ ಪಂದ್ಯದ ಎಂಜಿನ್ನುಗಳಿಗೆ ಅದರಿಂದ ಮಾಡಿದ ಎಣ್ಣೆಯನ್ನು ಹಾಕುತ್ತಿದ್ದರು. ಕ್ಯಾಸ್ಟ್ರಾಲ್ ಎಂಬ ಹೆಸರೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ ಹುಟ್ಟಿದ್ದು. ಆದರೆ ಅದು ಬೇಗನೆ ಅಂಟಾಗುವುದರಿಂದ, ಪಂದ್ಯವಾದೊಡನೆ ಬಸಿದು ತೆಗೆಯಬೇಕು.

ಮೋಟಾರು ಪಂದ್ಯಕ್ಕೆ ವಿಮಾನದ ಬಯಲೇಕೆ? ಇದಕ್ಕೆ ಉತ್ತರವನ್ನು ಯೂರೋಪಿನ ಚರಿತ್ರೆಯಲ್ಲಿ ಹುಡುಕಬೇಕು. ಮೊದಮೊದಲು ಪಂದ್ಯಗಳು ಊರಿಂದೂರಿಗೆ ಹೋಗುವ ಸಾರ್ವಜನಿಕ ರಸ್ತೆಗಳ ಮೇಲೆಯೇ ನಡೆಯುತ್ತಿದ್ದುವು. 1903ರ ಪ್ಯಾರಿಸ್–ಮ್ಯಾಡ್ರಿಡ್ ಪಂದ್ಯದಲ್ಲಿ ಮಾರ್ಸೆಲ್ ರೆನೋ ಮೊದಲಾಗಿ ಹಲವರು ಸತ್ತು, ಸರಕಾರ ಅದನ್ನು ಬೋರ್ಡೋ ನಗರದಲ್ಲಿಯೇ ನಿಲ್ಲಿಸಿಬಿಟ್ಟಿತು. ಇಂಗ್ಲೆಂಡಿನವರು ರಸ್ತೆಯ ಪಂದ್ಯಕ್ಕೆ ಆಸ್ಪದ ಕೊಡದೆ, 1907ರಲ್ಲಿ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ ಪ್ರತ್ಯೇಕ ಪಥವನ್ನೇ ಕಟ್ಟಿದರು. ಇಟಲಿಯಲ್ಲಿ ಮಾತ್ರ ಸಾವಿರ ಮೈಲಿಯ ರಸ್ತೆಯ ಪಂದ್ಯ 1927ರಿಂದ ನಡೆಯುತ್ತ ಬಂದಿತು. 1955ರಲ್ಲಿ ಸ್ಟರ್ಲಿಂಗ್ ಮಾಸ್ ಎಂಬಾತ, ಪಕ್ಕದಲ್ಲಿ ಕುಳಿತ ಜೆಂಕಿನ್‌ಸನ್ನನು ಕಾಗದದ ಸುರುಳಿಯನ್ನು ಬಿಚ್ಚುತ್ತ ಪ್ರತಿ ತಿರುವನ್ನೂ ಸನ್ನೆಯಿಂದ ಸೂಚಿಸುತ್ತಿರಲು, ಆ ದೂರವನ್ನು 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಕ್ರಮಿಸಿದನು. ಲೋಕವೆಲ್ಲ ಭಲೆ ಎಂದಿತು. ಎರಡೇ ವರ್ಷದ ಮೇಲೆ, 1957ರಲ್ಲಿ, ಅದೇ ಪಂದ್ಯದಲ್ಲಿ ಪೋರ್ಟಾಗೋ ಎಂಬಾತನ ಗಾಡಿ ದಾರಿ ತಪ್ಪಿ, ಆತನೂ ಜೊತೆಗಾರನೂ ಅಲ್ಲದೆ ದಾರಿಯ ಬದಿಯಲ್ಲಿ ನಿಂತಿದ್ದ ಒಂಬತ್ತು ಮಂದಿ ಪ್ರಾಣಬಿಟ್ಟರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಅದರೊಂದಿಗೆ ಅಲ್ಲಿಯ ರಸ್ತೆಯ ಪಂದ್ಯಕ್ಕೆ ಮಂಗಳವಾಯಿತು.

ಎರಡನೆಯ ಮಹಾಯುದ್ಧ ಮುಗಿದಾಗ ಎಲ್ಲ ದೇಶಗಳಲ್ಲಿಯೂ ವಿಮಾನದ ಬಯಲುಗಳು ಕೆಲಸವಿಲ್ಲದೆ ಉಳಿದುವು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಬಯಲಿನಲ್ಲಿ 1948ರಲ್ಲಿ ದೊಡ್ಡ ಪಂದ್ಯ ನಡೆಯಿತು. ನಮ್ಮ ನೆರೆಯಲ್ಲಿ, 1953ರಲ್ಲಿ ಹುಟ್ಟಿದ ಮದರಾಸು ಮೋಟಾರು ಕ್ರೀಡಾ ಸಂಘದವರು ಶೋಳವರದ ಯುದ್ಧಕಾಲದ ವಿಮಾನ ಬಯಲನ್ನು ಹಿಡಿದರು. ಬೆಂಗಳೂರಿನವರಿಗೆ ಯಲಹಂಕದ ಬಯಲು, ಬಳಿಕ ಅಗರಂ ದೊರೆತುವು. ಮನುಷ್ಯನನ್ನು ಕೊಲ್ಲುವುದಕ್ಕೆಂದು ಹಾಸಿದ ಹಾದಿಗಳು ಅವನ ವಿನೋದಕ್ಕೆ ಒದಗಿದುವು. ಯುದ್ಧದಿಂದಾದ ಉಪಕಾರಗಳನ್ನು ಎಣಿಸಹೊರಟರೆ ಇದನ್ನೂ ಸೇರಿಸಬಹುದೇನೋ!

ಶೋಳವರದ ಪಂದ್ಯಗಳೆಂದರೆ ದಕ್ಷಿಣ ದೇಶಕ್ಕೆಲ್ಲ ಜಾತ್ರೆ. ಫೆಬ್ರವರಿ ಬಂದಿತೆಂದರೆ ಬೆಂಗಳೂರಿನಿಂದ ಪಂದ್ಯಾಳುಗಳ ಸವಾರಿ ಹೊರಡುವುದು. ಗಾಡಿಯನ್ನು ಲಾರಿಯ ಮೇಲೇರಿಸಿ ಒಯ್ಯುವ ಅನುಕೂಲ ಎಲ್ಲರಿಗೂ ಇರಲಿಲ್ಲ. ಪಂದ್ಯದ ಗಾಡಿಯಲ್ಲೇ ಟೈರು, ಸಲಕರಣೆ, ಮೇಸ್ತ್ರಿ, ಚಿತ್ರಾನ್ನದ ಡಬ್ಬಿ ಇವಿಷ್ಟನ್ನೂ ಹೇರಿಕೊಂಡು ಹಲಸೂರನ್ನು ದಾಟಿ, ಕೃಷ್ಣರಾಜಪುರದ ಸಂತೆಯ ಎತ್ತಿನ ಗಾಡಿಗಳ ನಡುವೆ ನುಸುಳಿ, ಹೊಸಕೋಟೆ, ಕೋಲಾರ, ಮುಳಬಾಗಿಲುಗಳ ಮೇಲೆ ಮದರಾಸಿಗೆ ಸಾಗುವರು. ಪಂದ್ಯವಾಡಿ ಅದೇ ಗಾಡಿಯಲ್ಲಿ ಹಿಂತಿರುಗುವರು. ಗಾಡಿ ಮರಳಿ ಬಾಗಿಲಿಗೆ ಬಂದು ನಿಲ್ಲುವವರೆಗೆ ತಾಯಂದಿರ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಬಹುಮಾನದ ಬಟ್ಟಲನ್ನು ಕಂಡು ತಂದೆ ಹಿಗ್ಗಿದರೆ, ತಾಯಿ ಮಗನ ಕೈಕಾಲುಗಳನ್ನು ಮೊದಲು ಎಣಿಸುವಳು.

ಆ ಬಯಲಿನಲ್ಲಿ ಹೆಸರು ಮಾಡಿದವರು ಹಲವರು. ಬೆಂಗಳೂರಿನ ಉದ್ಯಮಿ ವಿಜಯ ಮಲ್ಯರು ಎನ್‌ಸೈನ್ ಎಂಬ ಫಾರ್ಮುಲಾ ಒನ್ ಗಾಡಿಯನ್ನೇ ತರಿಸಿ ಅಲ್ಲಿ ಓಡಿಸಿದರು. ಕೊಯಮತ್ತೂರಿನ ಕರಿವರ್ಧನರು ಸ್ವತಃ ಓಡಿಸಿದುದಲ್ಲದೆ, ಮಾರುತಿಯ ಎಂಜಿನ್ನನ್ನು ಬಳಸಿ ಒಬ್ಬರೇ ಕೂಡುವ ಅಗ್ಗದ ಪಂದ್ಯದ ಗಾಡಿಯನ್ನು ನಿರ್ಮಿಸಿ, ಸಾಮಾನ್ಯರ ಮಕ್ಕಳಿಗೂ ಈ ವಿದ್ಯೆಯ ಬಾಗಿಲನ್ನು ತೆರೆದರು. ವೇಗವನ್ನು ಪ್ರೀತಿಸಿದ ಅವರು 1995ರಲ್ಲಿ ಲಘು ವಿಮಾನದ ಅಪಘಾತದಲ್ಲಿ ತೀರಿಕೊಂಡರು. ಬೆಂಗಳೂರಿನ ಸಿಪಾನಿ ಸಂಸ್ಥೆಯವರು 1982ರಲ್ಲಿ ಹೊರತಂದ ಡಾಲ್ಫಿನ್ ಎಂಬ ಗಾಡಿಯನ್ನೂ ಇಲ್ಲಿ ನೆನೆಯಬೇಕು. 848 ಸಿ.ಸಿ.ಯ ಸಣ್ಣ ಎಂಜಿನ್ನು, ನಾರುಗಾಜಿನ ಹಗುರಾದ ಮೈ. ಸಂಸಾರಿಗಳು ಅದನ್ನು ನೋಡಿ ನಕ್ಕರು. ಪಂದ್ಯಾಳುಗಳು ಅದರ ತೂಕವನ್ನು ನೋಡಿ ಒಲಿದರು. 1983ರ ಕೊನೆಯಲ್ಲಿ ಮಾರುತಿ ಬಂದ ಮೇಲೆ ಡಾಲ್ಫಿನ್ನಿಗೆ ಮನೆಗಳಲ್ಲಿ ಎಡೆಯಿಲ್ಲವಾದರೂ, ಪಂದ್ಯದ ಬಯಲಿನಲ್ಲಿ ಅದರ ಹೆಸರು ಉಳಿಯಿತು.

ಈಗ ಆ ಪ್ರದೇಶವನ್ನು ನೋಡಿದರೆ ಗುರುತು ಹತ್ತುವುದಿಲ್ಲ. ಎಪ್ಪತ್ತರ ದಶಕದಲ್ಲಿ ಬಡಾವಣೆಯಾಗಿ ಮೊಳೆತ ಇಂದಿರಾನಗರ ಇಂದು ಅಂಗಡಿ ಬೀದಿಗಳ ಸಾಗರ. 2008ರಲ್ಲಿ ನಾಗರಿಕ ವಿಮಾನಗಳು ದೇವನಹಳ್ಳಿಗೆ ಹೊರಟುಹೋದುವು. 2011ರಲ್ಲಿ ಹಲಸೂರಿನ ತಲೆಯ ಮೇಲೆ ಮೆಟ್ರೋ ರೈಲು ಓಡತೊಡಗಿತು. ಕೃಷ್ಣರಾಜಪುರದಲ್ಲಿ ಎತ್ತಿನ ಗಾಡಿಗಳಿದ್ದೆಡೆ ತೂಗುಸೇತುವೆ ನಿಂತಿದೆ. ಅಗರಂನಲ್ಲಿ ಪಂದ್ಯಗಳು ನಿಂತು ಹೋಗಿ ಎಷ್ಟೋ ಕಾಲವಾಯಿತು. ಸೈನ್ಯದ ಸರಬರಾಜು ದಳ ಮಾತ್ರ ಅಲ್ಲಿಯೇ ಇದೆ. 2017ರಲ್ಲಿ ಒಂದೇ ಮೋಟಾರು ಸೈಕಲ್ಲಿನ ಮೇಲೆ 58 ಮಂದಿ ಏರಿ ಯಲಹಂಕದಲ್ಲಿ 1200 ಮೀಟರು ಸಾಗಿ ದಾಖಲೆ ಮಾಡಿದವರು ಈ ದಳದವರೇ. ಶೋಳವರದ ಎಡೆಯನ್ನು 1990ರಲ್ಲಿ ಇರುಂಗಾಟ್ಟುಕೋಟೆಯ ಹೊಸ ಪಥ ತುಂಬಿತು. ಕೊಯಮತ್ತೂರಿನವರು 2003ರಲ್ಲಿ ಕರಿವರ್ಧನರ ಹೆಸರಿನಲ್ಲೊಂದು ಪಥವನ್ನು ಕಟ್ಟಿದರು. ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರು ಫಾರ್ಮುಲಾ 2 ಪಂದ್ಯಗಳವರೆಗೆ ಏರಿದರು. ಆದರೂ ಇಲ್ಲಿನ ಹುಡುಗನು ದೊಡ್ಡ ಗಾಡಿಯ ಪಂದ್ಯವಾಡಬೇಕಾದರೆ ಇಂದಿಗೂ ತಮಿಳು ನಾಡಿನ ದಾರಿಯನ್ನೇ ಹಿಡಿಯಬೇಕು.

ಇದರಿಂದ ನಮಗೇನೆಂದು ಗೃಹಸ್ಥರು ಕೇಳಿಯಾರು. ನಡುರಾತ್ರಿಯಲ್ಲಿ ಹಳೆಯ ಮದರಾಸು ರಸ್ತೆಯ ಬದಿಯಲ್ಲಿ ಮನೆಯಿರುವವರು ಹೀಗೆ ಕೇಳಲಾರರು. ಮುಂದಿನ ಚಕ್ರವನ್ನು ಗಾಳಿಗೆತ್ತಿ ಚೀರುತ್ತ ಹೋಗುವ ಹುಡುಗರ ಸದ್ದು ಅವರಿಗೆ ಪರಿಚಿತ. ಮುದುಕ ಮೇಸ್ತ್ರಿಯ ಮಾತಿನ ಶಾಸ್ತ್ರ ಇಲ್ಲಿ ಬರುತ್ತದೆ. ವೇಗ ಎರಡರಷ್ಟಾದರೆ ಗಾಡಿಯನ್ನು ತಡೆದು ನಿಲ್ಲಿಸಲು ಬ್ರೇಕಿಗೆ ಬೇಕಾಗುವ ದೂರ ಎರಡರಷ್ಟಲ್ಲ, ನಾಲ್ಕರಷ್ಟು. ಗಂಟೆಗೆ 100 ಕಿಲೋಮೀಟರಿನಲ್ಲಿ ಓಡುವವನು ಒಂದು ಸೆಕೆಂಡು ಕಣ್ಣು ತಪ್ಪಿಸಿದರೆ ಅಷ್ಟರಲ್ಲಿ ಸುಮಾರು 28 ಮೀಟರು ದಾಟಿರುತ್ತಾನೆ. ಬಯಲಿನಲ್ಲಾದರೆ ಅಲ್ಲಿ ಹುಲ್ಲಿನ ಪಿಂಡಿ ಇರುತ್ತದೆ. ಬೀದಿಯಲ್ಲಾದರೆ ಪಾಳಿ ಮುಗಿಸಿ ಮನೆಗೆ ಮರಳುವ ಯಾರೋ ಒಬ್ಬ ಸಂಸಾರಿ ಇರುತ್ತಾನೆ.

ಕಾನೂನೂ ಸುಮ್ಮನಿಲ್ಲ. ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯವಾಡುವುದು 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪರಾಧ. 2019ರ ತಿದ್ದುಪಡಿಯಾದ ಮೇಲೆ, ಅಪ್ರಾಪ್ತ ವಯಸ್ಸಿನ ಹುಡುಗನು ವಾಹನದಿಂದ ಅಪರಾಧವೆಸಗಿದರೆ ಅವನ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷಗಳವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಆಗಬಹುದು. ಬೀಗದ ಕೈಯನ್ನು ಗೂಟಕ್ಕೆ ನೇತುಹಾಕಿ ಮಲಗುವ ತಂದೆಯರು ಇದನ್ನು ಮನಸ್ಸಿನಲ್ಲಿಡಬೇಕು.

ಆದರೆ ದಂಡನೆಯೊಂದರಿಂದಲೇ ಯೌವನದ ಬಿಸಿ ಆರುವುದೆಂದು ನಾನು ನಂಬಲಾರೆ. ವೇಗದ ಆಸೆ ಇಂದಿನ ಹುಡುಗರು ಹೊಸದಾಗಿ ಕಂಡುಹಿಡಿದುದಲ್ಲ. ಅವರ ತಾತಂದಿರಿಗೂ ಇತ್ತು. ತಾತಂದಿರಿಗೆ ಒಂದು ಬಯಲಿತ್ತು, ಕೈಯಲ್ಲಿ ಬಾವುಟ ಹಿಡಿದ ಹಿರಿಯರಿದ್ದರು, ಗಾಡಿಯನ್ನು ಪರೀಕ್ಷಿಸದೆ ಒಳಗೆ ಬಿಡದ ನಿಯಮವಿತ್ತು, ತಲೆಗೆ ಶಿರಸ್ತ್ರಾಣವಿತ್ತು. ಸೋತವನು ಗೆದ್ದವನ ಕೈ ಕುಲುಕಿ ಮನೆಗೆ ಮೆಲ್ಲಗೆ ಹೋಗುತ್ತಿದ್ದ. ಮೊಮ್ಮಕ್ಕಳಿಗೆ ನಾವು ದ್ವಿಗುಣ ಬಲದ ಯಂತ್ರಗಳನ್ನು ಕೊಡಿಸಿದೆವು, ಬಯಲನ್ನು ಕೊಡಲಿಲ್ಲ. ಇಷ್ಟು ದೊಡ್ಡ ನಗರದ ಹೊರವಲಯದಲ್ಲಿ, ಹೊಸಕೋಟೆಯ ಆಚೆಗಾದರೂ ಸರಿಯೆ, ಅಂಥದೊಂದು ಪಥವನ್ನು ಏರ್ಪಡಿಸುವುದು ಅಸಾಧ್ಯವಾದ ಕಾರ್ಯವೇನೂ ಅಲ್ಲ. ಅದಾಗುವ ತನಕ ಮನೆಯ ಹಿರಿಯರು ಆ ಮೇಸ್ತ್ರಿಯ ಕೆಲಸವನ್ನು ತಾವೇ ಮಾಡಬೇಕಾಗಿದೆ. ಅವನಂತೆ, ಗಾಡಿ ಬೀದಿಗೆ ಇಳಿಯುವ ಮುನ್ನವೇ.